ಅಕ್ರಮ ಕಂಡರೂ ನೌಕರರು ಯಾಕೆ ಬಾಯಿ ಬಿಡಲ್ಲ?

ಕಡತಗಣ್ಣು: ಸರ್ಕಾರಿ ಕಚೇರಿಯೊಂದಕ್ಕೆ ಆಂತರಿಕ ದೂರು ವ್ಯವಸ್ಥೆ ರೂಪಿಸಬೇಕಿದೆ. ಕಾನೂನಿನ ರಕ್ಷಣೆ, ಸಹಾಯವಾಣಿ ಎಲ್ಲ ಇದ್ದೂ ಒಂದೂ ದೂರು ಬಾರದ ಕಚೇರಿಗಳಿವೆಯಲ್ಲ, ಅದಕ್ಕೆ ಭಯ ಒಂದೇ ಕಾರಣವೇ? ಮೊದಲು ಏನು ಸರಿಪಡಿಸಬೇಕು?

ಹಳೇಗುಮಾಸ್ತ: ಭಯ ಇದೆ, ಆದರೆ ಅದೊಂದೇ ಅಲ್ಲ. ಅಮೆರಿಕದ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್ (ಸರ್ಕಾರಿ ನೌಕರರ ಸೇವಾ ಹಕ್ಕು ಕಾಯುವ ಸಂಸ್ಥೆ) ಅಲ್ಲಿನ ಕೇಂದ್ರ ಸರ್ಕಾರಿ ನೌಕರರನ್ನು ಅಕ್ರಮ ಕಂಡಾಗ ಏನು ಮಾಡಿದಿರಿ ಅಂತ 1980ರಿಂದ ಹಲವು ಸಲ ಸಮೀಕ್ಷೆಯಲ್ಲಿ ಕೇಳಿದೆ. ಸುಮ್ಮನಿದ್ದವರು ಮತ್ತೆ ಮತ್ತೆ ಕೊಟ್ಟ ಕಾರಣ, ಹೇಳಿದರೂ ಏನೂ ಆಗಲ್ಲ ಅನ್ನೋದು. ಹಾಗಾಗಿ ದೂರು ಕೊಟ್ಟವರಿಗೆ ಉತ್ತರ ಕೊಡುವ ರೀತಿಯನ್ನು ಮೊದಲು ಸರಿಪಡಿಸಿ. ಅಕ್ರಮ ಬಯಲು ಮಾಡುವವರ ರಕ್ಷಣೆಗೆ ಯುರೋಪಿಯನ್ ಒಕ್ಕೂಟ ಮಾಡಿದ 2019ರ ನಿರ್ದೇಶನದ ಪ್ರಕಾರ 7 ದಿನದೊಳಗೆ ಸ್ವೀಕೃತಿ, ಅಲ್ಲಿಂದ 3 ತಿಂಗಳೊಳಗೆ ಏನು ಮಾಡಿದಿರಿ ಎಂಬ ಉತ್ತರ ಕೊಡಬೇಕು. 'ಪರಿಶೀಲನೆಯಲ್ಲಿದೆ' ಅಂತ ಬರೆದು ಕೈತೊಳೆದುಕೊಂಡರೆ ಅದು ಉತ್ತರವಲ್ಲ. ಪಾವತಿ ತಡೆದಿದ್ದೀರಾ, ತನಿಖೆ ಕೈಬಿಟ್ಟಿದ್ದರೆ ಯಾಕೆ, ಅದನ್ನು ಬರೀರಿ.

ಟಪಾಲುಮೇಜು: ಹೆಸರು ಮುಚ್ಚಿಟ್ಟರೆ ಗೌಪ್ಯತೆ ಉಳಿಯಿತು ಅಂದ್ಕೋಬೇಡಿ. ದೂರಿನಲ್ಲಿರುವ ಬಿಲ್ ಮೂವರ ಕೈ ಮಾತ್ರ ದಾಟಿದ್ದರೆ, ದೂರಿನ ವಿಷಯವೇ ಯಾರು ಅಂತ ಹೇಳಿಬಿಡುತ್ತೆ. ಆ ಒಂದೇ ಕಡತ ತರಿಸಿಕೊಂಡಿರೋ, ಮಧ್ಯಾಹ್ನದೊಳಗೆ ಇಡೀ ಶಾಖೆಗೆ ಗೊತ್ತು. ಅದೇ ತಿಂಗಳ ಇಪ್ಪತ್ತು ಕಡತ ತರಿಸಿ, ಇದನ್ನೂ ಅದರೊಳಗೆ ಸೇರಿಸಿ. ದೂರಿನ ಜೊತೆ ಬಂದ ಪ್ರತಿಯನ್ನು ಹಾಗೇ ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ಯಾರು ಅಂತ ಗೊತ್ತಾಗೋಕೆ ಅಂಚಿನ ಕೈಬರಹವೋ ಪ್ರಿಂಟ್ ತೆಗೆದ ಸಮಯವೋ ಸಾಕು. ಮೂಗರ್ಜಿಯನ್ನೂ ತಳ್ಳಿಹಾಕಬೇಡಿ. ಅದರ ತೊಡಕು ಸುಳ್ಳಿಗಿಂತ ಹೆಚ್ಚಾಗಿ ಮರುಪ್ರಶ್ನೆ ಕೇಳಲಾಗದಿರುವುದು. ಸಂಖ್ಯೆ, ಪಾಸ್‌ವರ್ಡ್ ಕೊಟ್ಟು ಹೆಸರಿಲ್ಲದೇ ಸಂದೇಶ ವಿನಿಮಯ ಮಾಡುವ ಪೋರ್ಟಲ್ ಇದ್ದರೆ ಅರ್ಧ ತಲೆನೋವು ತಪ್ಪುತ್ತೆ.

ಕಡತಗಣ್ಣು: ಸೇಡು ತೀರಿಸಿಕೊಳ್ಳೋದನ್ನ ಹಿಡಿಯೋದು ಹೇಗೆ? ಎಲ್ಲದಕ್ಕೂ 'ಆಡಳಿತಾತ್ಮಕ ಕಾರಣ' ಅಂತಾರಲ್ಲ.

ಹಳೇಗುಮಾಸ್ತ: ದೂರು ಬಂದ ದಿನವೇ ಆ ನೌಕರರ ಹುದ್ದೆ, ಕೆಲಸದ ಹಂಚಿಕೆ, ಹಿಂದಿನ ಎರಡು ವರ್ಷದ ಮೌಲ್ಯಮಾಪನ ಬರೆದಿಡಿ. 3, 6, 12 ತಿಂಗಳಿಗೆ ಮತ್ತೆ ನೋಡಿ. ವರ್ಗಾವಣೆ ಎದ್ದು ಕಾಣುತ್ತೆ. ಸಭೆಗೆ ಕರೆಯದಿರೋದು, ಲಾಗಿನ್ ಕಿತ್ತುಕೊಳ್ಳೋದು, ಹತ್ತು ನಿಮಿಷ ತಡವಾದರೆ ಮೆಮೋ, ಇವು ಕಾಣಲ್ಲ. ಮೇಲೆ ಹೇಳಿದ ನಿರ್ದೇಶನದಲ್ಲಿ, ಆ ಕ್ರಮಕ್ಕೆ ನ್ಯಾಯವಾದ ಬೇರೆ ಕಾರಣವಿತ್ತು ಅಂತ ಸಾಬೀತು ಮಾಡುವ ಹೊಣೆ ಕ್ರಮ ಕೈಗೊಂಡವರ ಮೇಲಿದೆ.

ನೀಲಿಶಾಯಿ: ಒಂದು ಬಿಟ್ಟುಹೋಯ್ತು. ಬಹುತೇಕರು ಮೊದಲು ಹೇಳೋದು ಸಹಾಯವಾಣಿಗಲ್ಲ, ತಮ್ಮ ನೇರ ಮೇಲಧಿಕಾರಿಗೆ, ಅದೂ ಬಾಯಿಮಾತಲ್ಲಿ. ಅವರು 'ಹೋಗ್ಲಿ ಬಿಡಿ' ಅಂದರೆ ಅಲ್ಲಿಗೇ ಮುಗೀತು, ನಿಮ್ಮ ಪೋರ್ಟಲ್ ಖಾಲಿ. ತರಬೇತಿ ಕೊಡೋದಾದರೆ ಅವರಿಗೇ ಮೊದಲು ಕೊಡಿ. ಅಧಿಕಾರಿಯೇ ಶಾಮೀಲಾಗಿದ್ದರೆ ಅವರನ್ನು ದಾಟಿ ಹೋಗುವ ದಾರಿಯೂ ಬೇಕು, ಆ ಪೋರ್ಟಲಿನ ಅಡ್ಮಿನ್ ಅವರ ಕೈಕೆಳಗಿನವರಾಗಿರಬಾರದು.