ಸೂಪರ್ ಮಾರ್ಕೆಟ್ ಮ್ಯಾನೇಜರ್ ಆಗ್ತಿದ್ದೀನಿ, ಸ್ಟಾಕ್ ಶಾರ್ಟೇಜ್ ಎಲ್ಲಿಂದ ಹಿಡೀಲಿ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಬರೋ ತಿಂಗಳಿಂದ ದಾವಣಗೆರೆಯ ಒಂದು ದಿನಸಿ ಸೂಪರ್ ಮಾರ್ಕೆಟ್‌ಗೆ ಸ್ಟೋರ್ ಮ್ಯಾನೇಜರ್ ಆಗಿ ಸೇರ್ತಿದ್ದೀನಿ. ತಿಂಗಳಿಗೆ ಸುಮಾರು 40 ಲಕ್ಷ ವ್ಯಾಪಾರ, 14 ಜನ ಸ್ಟಾಫ್. ಕಳೆದ ಆಡಿಟ್‌ನಲ್ಲಿ ಶೇ 1.2 ಶಾರ್ಟೇಜ್ (ಲೆಕ್ಕದಲ್ಲಿದ್ದು ಅಂಗಡಿಯಲ್ಲಿ ಸಿಗದ ಮಾಲು), ಅಂದ್ರೆ ತಿಂಗಳಿಗೆ 48,000 ರೂಪಾಯಿ. ಓನರ್ ಇದೆಲ್ಲ ಕಳ್ಳತನ, ಕ್ಯಾಮೆರಾ ಜಾಸ್ತಿ ಹಾಕಿಸೋಣ ಅಂತಿದ್ದಾರೆ. ಮೊದಲು ಏನು ನೋಡಬೇಕು? ಈ ಕೆಲಸದಲ್ಲಿ ಬೈಸಿಕೊಳ್ಳೋದು ಬಿಟ್ಟು ನೆಮ್ಮದಿನೂ ಇದೆಯಾ?

ಕೌಂಟರ್3:
ಕ್ಯಾಮೆರಾಗೆ ಮುಂಚೆ ಮೈನಸ್ ಸ್ಟಾಕ್ ರಿಪೋರ್ಟ್ ತೆಗೀರಿ ಸರ್, ಅಂದ್ರೆ ಸಿಸ್ಟಮ್‌ನಲ್ಲಿ ಸ್ಟಾಕ್ ಸೊನ್ನೆಗಿಂತ ಕೆಳಗೆ ತೋರಿಸೋ ಮಾಲಿನ ಪಟ್ಟಿ. ಗಂಧದ ಸೋಪು ಮೈನಸ್ 37, ಅದೇ ಕಂಪನಿ ಅದೇ ಎಂಆರ್‌ಪಿಯ ಬೇವಿನ ಸೋಪು ಪ್ಲಸ್ 35 ಅಂತ ಬಂದ್ರೆ ಅದು ಕಳ್ಳತನ ಅಲ್ಲ. ಗಿರಾಕಿ ಎರಡು ಗಂಧದ್ದು, ಮೂರು ಬೇವಿನದ್ದು ತಂದಿರ್ತಾರೆ. ಕ್ಯೂ ಬೆಳೀತಿದೆ ಅಂತ ಕೌಂಟರ್‌ನವರು ಗಂಧದ್ದೊಂದನ್ನೇ ಸ್ಕ್ಯಾನ್ ಮಾಡಿ ಕ್ವಾಂಟಿಟಿ 5 ಒತ್ತಿಬಿಡ್ತಾರೆ. ದುಡ್ಡು ಸರಿ ಬರುತ್ತೆ, ಸ್ಟಾಕ್ ಕೆಡುತ್ತೆ. ಆಮೇಲೆ ಶೆಲ್ಫ್‌ನಲ್ಲಿ ಬೇವಿನದು ಖಾಲಿಯಾದ್ರೂ ಸಿಸ್ಟಮ್ 35 ಇದೆ ಅನ್ನುತ್ತೆ, ಆರ್ಡರ್ ಹೋಗೋದೇ ಇಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ಒಂದೇ ಬಾರ್‌ಕೋಡ್‌ಗೆ ಎರಡು ಎಂಆರ್‌ಪಿ ಬಂದ ಮಾಲಿನಲ್ಲೂ ಇದೇ ಗೋಳು. ಸ್ಕ್ರೀನ್‌ನಲ್ಲಿ ಯಾವ ಎಂಆರ್‌ಪಿ ಅಂತ ಕೇಳಿದಾಗ ಪ್ಯಾಕೆಟ್ ನೋಡದೆ ಮೇಲಿನದನ್ನೇ ಒತ್ತೋದು.

ಇನ್‌ವರ್ಡ್‌ನಲ್ಲಿ, ಅಂದ್ರೆ ಮಾಲು ಒಳಗೆ ತಗೊಳ್ಳುವಾಗ, ಬಿಲ್ ನೋಡ್ಕೊಂಡು ಎಂಟ್ರಿ ಮಾಡೋದನ್ನ ಮೊದಲ ದಿನವೇ ನಿಲ್ಲಿಸಿ. ಎಣಿಸಿ ಬರೆದಾದ ಮೇಲೆ ಬಿಲ್ ಜೊತೆ ತಾಳೆ ನೋಡಬೇಕು. ಹನ್ನೆರಡಕ್ಕೊಂದು ಫ್ರೀ ಬಂದ ಮಾಲೂ ಎಂಟ್ರಿ ಆಗಬೇಕು. ಎಕ್ಸ್‌ಪೈರಿ ಮಾಲು ವಾಪಸ್ ಹೋಗಿ ಕ್ರೆಡಿಟ್ ನೋಟ್ (ಆ ದುಡ್ಡು ನಮ್ಮ ಲೆಕ್ಕಕ್ಕೆ ಜಮಾ ಮಾಡೋ ಚೀಟಿ) ಬರಲಿಲ್ಲ ಅಂದ್ರೆ ಅದೂ ನಿಮ್ಮ ನಷ್ಟವೇ.

ಸೊಪ್ಪುತರಕಾರಿ:
ಮೇಲಿನವರು ಹೇಳಿದ್ದು ಪ್ಯಾಕೆಟ್ ಮಾಲಿಗೆ. ದೊಡ್ಡ ತೂತು ತರಕಾರಿಯಲ್ಲಿ. ಕ್ರೇಟ್ ಸಮೇತ ತೂಗಿ ಕ್ರೇಟ್‌ಗೆ ಒಂದೂವರೆ ಕೆಜಿ ಕಳೆಯೋ ರೂಢಿ ಇದ್ರೆ, ಖಾಲಿ ಕ್ರೇಟ್ ಒಂದನ್ನ ತೂಗಿ ನೋಡಿ. ಎರಡು ಕೆಜಿ ಬಂದ್ರೆ 20 ಕ್ರೇಟ್‌ಗೆ ದಿನಾ 10 ಕೆಜಿ ತರಕಾರಿ ಬರದೇ ದುಡ್ಡು ಕೊಡ್ತಿದ್ದೀರಿ.

ಕೊತ್ತಂಬರಿ ಕಟ್ಟಿನ ಮೇಲೆಲ್ಲ ನೀರು ಚಿಮುಕಿಸ್ತಾರೆ, ಹೊರಗೆ ಹಸಿರಾಗಿ ಕಂಡ್ರೂ ನಡುವೆ ಲೋಳೆಯಾಗಿರುತ್ತೆ. ದಾರ ಸಡಿಲಿಸಿ, ನಿಲ್ಲಿಸಿ, ಬೇರಿಗಷ್ಟೇ ನೀರು ಕೊಡಿ. ಕೊಳೆತದ್ದನ್ನ ತೂಗಿ ಡಂಪ್ ರಿಜಿಸ್ಟರ್‌ಗೆ ಬರೆಸದೆ ಎಸೆಯೋಕೆ ಬಿಡಬೇಡಿ.

ಬೇಳೆ ಪ್ಯಾಕಿಂಗ್‌ನಲ್ಲಿ ಕೆಜಿಗೆ 10 ಗ್ರಾಂ ಜಾಸ್ತಿ ಬಿದ್ರೂ 50 ಕೆಜಿ ಮೂಟೆಗೆ ಅರ್ಧ ಕೆಜಿ ಹೋಯ್ತು. ಕಮ್ಮಿ ಬಿದ್ರೆ ತೂಕ-ಅಳತೆ ನೋಡೋ ಮಾಪನ ಇಲಾಖೆ ಕೇಸು. ತಕ್ಕಡಿಗೆ ಇಲಾಖೆ ಹಾಕಿದ ಮುದ್ರೆಯ ತಾರೀಖೂ ನೋಡಿಬಿಡಿ.

ಬೆಣ್ಣೆನಗರಿ:
ಕ್ರೇಟ್ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಶಾರ್ಟೇಜ್ ಸ್ಟಾಫ್ ಸಂಬಳದಲ್ಲಿ ಹಿಡಿಯೋ ಪದ್ಧತಿ ಬೇರೆ ಇದೆಯಂತೆ.

ತುಮಕೂರುಅಕ್ಕ:
ಅದನ್ನ ಮೊದಲು ನಿಲ್ಲಿಸಿ ತಮ್ಮಾ. ಸಂಬಳ ಹಿಡಿದ್ರೆ ಪಳಗಿದವರು ಬಿಟ್ಟು ಹೋಗ್ತಾರೆ, ಹೊಸಬರು ಬಂದು ಅದೇ ಕ್ವಾಂಟಿಟಿ 5 ಒತ್ತುತ್ತಾರೆ.

ಬೇಜಾರು ಇದ್ದೇ ಇದೆ. ಗೌರಿ-ಗಣೇಶ, ದಸರಾ, ತಿಂಗಳ ಮೊದಲ ವಾರ, ಊರೆಲ್ಲ ಮನೆಯವರ ಜೊತೆ ಇರುವಾಗ ನೀವು ಅಂಗಡಿಯಲ್ಲಿ. ಓನರ್ ಕೋಪ, ಗಿರಾಕಿ ಕೋಪ ಎರಡೂ ನಿಮ್ಮ ಮೇಲೇ. ಆದ್ರೆ ವಾರದ ರಜೆ 1961ರ ಅಂಗಡಿ ಕಾಯ್ದೆಯಲ್ಲೇ ಇದೆ, ಹಬ್ಬದ ವಾರದಲ್ಲೂ ಸ್ಟಾಫ್‌ಗೆ ಪಾಳಿ ಹಾಕಿ ಕೊಡಿ.

ನೆಮ್ಮದಿನೂ ಇದೆ. ಬಿಲ್ಲಿಂಗ್‌ಗೆ ಸೇರಿದ ಹುಡುಗಿ ಎರಡು ವರ್ಷದಲ್ಲಿ ಇಡೀ ಸೆಕ್ಷನ್‌ನ ಆರ್ಡರ್ ತಾನೇ ಹಾಕೋ ಹಾಗಾಗ್ತಾಳೆ. ಅಂಥವರನ್ನ ಬೆಳೆಸೋದು ಈ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಸಾಧ್ಯ, ನನಗೆ ಅದಕ್ಕಿಂತ ದೊಡ್ಡದು ಇದರಲ್ಲಿ ಕಾಣಲ್ಲ.

ಚಾರ್ಜ್ ತಗೊಳ್ಳೋ ಹಿಂದಿನ ರಾತ್ರಿ ಪೂರ್ತಿ ಸ್ಟಾಕ್ ಎಣಿಸಿ, ಆ ಶೀಟ್‌ಗೆ ಓನರ್ ಮತ್ತು ಹಳೇ ಮ್ಯಾನೇಜರ್ ಇಬ್ಬರ ಸಹಿ ಹಾಕಿಸಿ. ಇಲ್ಲಾಂದ್ರೆ ಅವರ ಕಾಲದ ಶಾರ್ಟೇಜೂ ನಿಮ್ಮ ಲೆಕ್ಕಕ್ಕೇ ಬರುತ್ತೆ.