ಕೈಯಿಂದ ಮಾಡಿದ ಮ್ಯಾಂಡೊಲಿನ್: ತಂತಿ ಬದಲಿಸಿದ ಮೇಲೆ ಶ್ರುತಿ ಕೂರುತ್ತಿಲ್ಲ

ಎಂಟುತಂತಿ:
ನಮಸ್ಕಾರ. ನಾನಿರುವುದು ಐರ್ಲೆಂಡಿನ ಗಾಲ್ವೇಯಲ್ಲಿ. ಮೂರು ವರ್ಷದ ಹಿಂದೆ ಇಲ್ಲಿನ ಒಬ್ಬರು ಕೈಯಿಂದ ಮಾಡಿದ ಮ್ಯಾಂಡೊಲಿನ್ ಕೊಂಡೆ. ಮೇಲ್ಹಲಗೆ ಸ್ಪ್ರೂಸ್, ಹಿಂಬದಿ ಮೇಪಲ್. ವಾರಕ್ಕೊಮ್ಮೆ ಪಬ್ಬಿನ ಸೆಷನ್‌ನಲ್ಲಿ (ಎಲ್ಲರೂ ಕೂತು ಒಟ್ಟಿಗೆ ನುಡಿಸುವ ಕೂಟ) ಜಿಗ್, ರೀಲ್‌ನಂಥ ಕುಣಿತದ ಧಾಟಿ ನುಡಿಸುತ್ತೇನೆ. ಹೋದ ವಾರ ಧೂಳು ಒರೆಸೋಣ ಅಂತ ಎಂಟೂ ತಂತಿ ಬಿಚ್ಚಿ ಹೊಸದು ಹಾಕಿದೆ, ಅವತ್ತಿನಿಂದ ತಲೆನೋವು. ಬೆರಳಿಡದೆ ಮೀಟಿದರೆ ಜಿ, ಡಿ, ಎ, ಇ ನಾಲ್ಕು ಜೋಡಿಯೂ ಸರಿ. ಏಳನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ದಾಟಿದರೆ ಸ್ವರ ಏರುತ್ತದೆ. ಫಿಡಲ್‌ನದ್ದೂ ಇದೇ ಶ್ರುತಿ ಅಲ್ವಾ, ಪಕ್ಕದಲ್ಲಿ ಕೂತವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಕತ್ತು ಬಾಗಿರಬಹುದಾ? ಮಾಡಿದವರಿಗೆ ಫೋನ್ ಮಾಡುವ ಮುಂಚೆ ಇಲ್ಲಿ ಕೇಳುತ್ತಿದ್ದೇನೆ.

ಮರದಪುಡಿ:
ಎಂಟೂ ಒಟ್ಟಿಗೆ ಬಿಚ್ಚಿದಿರಾ? ಹಾಗಾದರೆ ಫೋನ್ ಬೇಡ. ತಂತಿಗಳು ಬುಡದಲ್ಲಿ ಟೇಲ್‌ಪೀಸ್‌ಗೆ ಸಿಕ್ಕಿಸುವ ಥರ ಇದ್ದರೆ ನಿಮ್ಮ ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್) ಅಂಟು ಹಾಕಿರುವುದಿಲ್ಲ, ತಂತಿಯ ಒತ್ತಡಕ್ಕೆ ಸುಮ್ನೆ ನಿಂತಿರುತ್ತದೆ. ತಂತಿ ತೆಗೆದಾಗ ಜರುಗಿದೆ, ಅಷ್ಟೇ. 12ನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಹಾರ್ಮೋನಿಕ್ ಮೀಟಿ, ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ, ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಕುದುರೆ ಟೇಲ್‌ಪೀಸ್ ಕಡೆ ಹೋಗಬೇಕು, ಇಳಿದಿದ್ದರೆ ಕತ್ತಿನ ಕಡೆ. ತಂತಿಯ ಉದ್ದ ಸುಮಾರು 350 ಮಿ.ಮೀ. ಇರುವುದರಿಂದ 1 ಮಿ.ಮೀ. ಸರಿಸಿದರೆ 12ನೇ ಫ್ರೆಟ್‌ನಲ್ಲಿ ಹತ್ತಿರ ಹತ್ತಿರ 5 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಬದಲಾಗುತ್ತದೆ. ತಂತಿ ಸ್ವಲ್ಪ ಸಡಿಲ ಮಾಡಿ, ಕುದುರೆಯ ಎರಡೂ ತುದಿ ಹಿಡಿದು ನೂಕಿ. ಪೂರ್ತಿ ಬಿಗಿ ಇರುವಾಗ ನೂಕಿದರೆ ಪಾಲಿಶ್ ಕೆರೆಯುತ್ತದೆ (ನನ್ನದರ ಮೇಲೆ ಆ ಗೀರು ಇನ್ನೂ ಇದೆ).

ಎಂಟುತಂತಿ:
10 ಸೆಂಟ್ ಏರಿತ್ತು! 2 ಮಿ.ಮೀ. ಹಿಂದೆ ಸರಿಸಿದೆ, 12ರಲ್ಲಿ ಈಗ ಸರಿ. ಆದರೆ ಜಿ ತಂತಿಯ ಒಂದು, ಎರಡನೇ ಫ್ರೆಟ್ ಇನ್ನೂ ಏರೇ ಇದೆ. ಮುಂಚೆ ಹೀಗಿರಲಿಲ್ಲ.

ಮರದಪುಡಿ:
ಮೊದಲ ಫ್ರೆಟ್‌ಗಳಲ್ಲಿ ಮಾತ್ರ ಏರಿದರೆ ಅದು ಕುದುರೆಯದಲ್ಲ, ನಟ್‌ನದ್ದು (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ). ಮೂರನೇ ಫ್ರೆಟ್ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ತಂತಿಗೆ ಎಷ್ಟು ಸಂದು ಇದೆ ನೋಡಿ. ಕೂದಲೆಳೆಯಷ್ಟಿರಬೇಕು. ಜಾಸ್ತಿ ಇದ್ದರೆ ಒತ್ತುವಾಗ ತಂತಿ ಎಳೆದು ಸ್ವರ ಏರುತ್ತದೆ. ಅಂದ ಹಾಗೆ, ಹಳೇ ತಂತಿಯ ದಪ್ಪವೇ ಹಾಕಿದಿರಾ?

ಎಂಟುತಂತಿ:
ಸಂದು ದೊಡ್ಡದೇ ಇದೆ. ಹಳೇ ಪ್ಯಾಕೆಟ್ ಹುಡುಕಿ ತೆಗೆದೆ, 10ರಿಂದ 38 (ಇಂಚಿನ ಸಾವಿರದ ಲೆಕ್ಕದಲ್ಲಿ). ಈಗ ಹಾಕಿರುವುದು 11ರಿಂದ 40, ದಪ್ಪ ಇದ್ದರೆ ಗದ್ದಲದಲ್ಲಿ ಜೋರಾಗಿ ಕೇಳುತ್ತದೆ ಅಂತ.

ಮರದಪುಡಿ:
ಸಿಕ್ಕಿತಲ್ಲ. ನಟ್‌ನಲ್ಲಿ ತೆಳು ತಂತಿಗೆ ಕೊರೆದ ಕಚ್ಚಿನೊಳಗೆ ದಪ್ಪದ್ದು ಇಳಿಯದೆ ಮೇಲೇ ನಿಂತಿದೆ. ಅರ ತಗೊಂಡು ಉಜ್ಜಲು ಹೋಗಬೇಡಿ, ಒಂದೆಳೆ ಜಾಸ್ತಿ ಹೋದರೆ ತಂತಿ ಫ್ರೆಟ್‌ಗೆ ಬಡಿದು ಜುಂಯ್ ಅನ್ನುತ್ತದೆ, ಆಮೇಲೆ ಹೊಸ ನಟ್ಟೇ ಗತಿ. ಮೊದಲಿನ ದಪ್ಪಕ್ಕೇ ವಾಪಸ್ ಹೋಗಿ. ತೆಳು ಮೇಲ್ಹಲಗೆಯ ವಾದ್ಯಕ್ಕೆ ಅಷ್ಟು ಎಳೆತ ಹೇಗೂ ಒಳ್ಳೇದಲ್ಲ. ಈ ಸಲ ಕುದುರೆಯ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಂದೊಂದೇ ತಂತಿ ಬದಲಿಸಿ.

ಎಂಟುತಂತಿ:
ಬದಲಿಸಿದೆ, ಎರಡೂ ಕಡೆ ಸರಿಯಾಯಿತು. ಕುದುರೆ ಮತ್ತೆ ಅರ್ಧ ಮಿ.ಮೀ. ಮುಂದೆ ತರಬೇಕಾಯಿತು. ಜಿ ಜೋಡಿಯಲ್ಲಿ ಒಂದು ತಂತಿ ಮಾತ್ರ ಬಿರಡೆ ತಿರುಗಿಸಿದಾಗ ಟಕ್ ಅಂತ ಸ್ವರ ಹಾರುತ್ತದೆ.

ಮರದಪುಡಿ:
ನಟ್‌ನಲ್ಲಿ ಆ ತಂತಿಯ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ ನೋಡಿ.