ಭಾಷೆ ಓದಿ ಹೊರದೇಶಕ್ಕೆ ಹೋದವರು ಅಲ್ಲಿ ಯೂನಿವರ್ಸಿಟಿ ನಡೆಸಿದ್ದುಂಟಾ?

ಗಂಗೋತ್ರಿ_ಹುಡುಗಿ:
ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನ ಎಂ.ಎ. ಓದುತ್ತಿದ್ದೇನೆ. ಪಿಎಚ್‌ಡಿಗೆ ಅಮೆರಿಕಕ್ಕೆ ಹೋಗುವ ಆಸೆ. ಮಂಡ್ಯದ ನಮ್ಮ ಮಾವ, "ಭಾಷೆ ಓದಿದವರು ಮೇಷ್ಟ್ರಾಗೇ ಮುದುಕರಾಗೋದು, ಕುರ್ಚಿಯೆಲ್ಲ ಇಂಜಿನಿಯರುಗಳಿಗೆ" ಅಂತ ರೇಗಿಸುತ್ತಾರೆ. ಹಾಗೇನಾ?

ಹಳೇ_ಮೇಷ್ಟ್ರು:
ಮೊದಲು ಊರಿನ ಲೆಕ್ಕ ಹೇಳಮ್ಮ ನಿಮ್ಮ ಮಾವನಿಗೆ. ಕುವೆಂಪು ಕನ್ನಡ ಮೇಷ್ಟ್ರೇ, 1956ರಲ್ಲಿ ಮೈಸೂರು ವಿವಿ ಕುಲಪತಿ ಆದರು. ನೀವು ಓದುತ್ತಿರುವ ಕ್ಯಾಂಪಸ್ಸಿಗೆ ಹೆಸರಿಟ್ಟವರೂ ಅವರೇ. ಹಾ.ಮಾ. ನಾಯಕರು ಅಮೆರಿಕದ ಇಂಡಿಯಾನಾದಲ್ಲಿ ಭಾಷಾವಿಜ್ಞಾನದ ಪಿಎಚ್‌ಡಿ ಮಾಡಿ ವಾಪಸ್ ಬಂದು ಗುಲ್ಬರ್ಗ ವಿವಿ ಕುಲಪತಿ ಆದರು.

ಕಬ್ಬಿನ_ಗದ್ದೆ:
ಸಾರ್, ಅವರು ಕೇಳಿದ್ದು ಅಲ್ಲೇ ನೆಲೆಸಿದವರ ಬಗ್ಗೆ ಅಲ್ವಾ? ಹಾಗಾದರೆ ಎಸ್.ಐ. ಹಯಾಕಾವಾ. ಜಪಾನಿ ಮನೆತನ, ಹುಟ್ಟಿದ್ದು 1906ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಅಮೆರಿಕದ ಪೌರತ್ವ ಸಿಕ್ಕಿದ್ದು 1954ರಲ್ಲಿ. ಮಾತಿಗೆ ಅರ್ಥ ಹೇಗೆ ಬರುತ್ತದೆ ಅನ್ನುವುದೇ ಅವರ ವಿಷಯ. 1968ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ದೊಡ್ಡ ಸ್ಟ್ರೈಕು, ಆ ವರ್ಷ ಆಗಲೇ ಇಬ್ಬರು ಅಧ್ಯಕ್ಷರು (ನಮ್ಮ ಕುಲಪತಿ ಇದ್ದ ಹಾಗೆ) ಕುರ್ಚಿ ಬಿಟ್ಟು ಹೋಗಿದ್ದರು, ಅಂಥ ಹೊತ್ತಿನಲ್ಲಿ ಅಲ್ಲೇ ಪಾಠ ಮಾಡುತ್ತಿದ್ದ ಇವರನ್ನು ಕರೆದು ಕೂರಿಸಿದರು. ಕೂತ ಕೆಲವೇ ದಿನಕ್ಕೆ ವಿದ್ಯಾರ್ಥಿಗಳ ಮೈಕ್ ಗಾಡಿ ಹತ್ತಿ ಸ್ಪೀಕರಿನ ವೈರು ಕಿತ್ತರು! ಮಾತಿನ ಪಂಡಿತ ಮೊದಲು ಮಾಡಿದ ಕೆಲಸ ಬೇರೆಯವರ ಮಾತು ನಿಲ್ಲಿಸಿದ್ದು. ಟಿವಿಯಲ್ಲಿ ಬಂದದ್ದೇ ತಡ, ಮನೆಮಾತಾದರು. ಆಮೇಲೆ ಸೆನೆಟರೂ ಆಗಿ, ಇಂಗ್ಲಿಷೊಂದೇ ಅಧಿಕೃತ ಭಾಷೆ ಆಗಲಿ ಅಂತ 1981ರಲ್ಲಿ ಸಂವಿಧಾನ ತಿದ್ದುಪಡಿ ಮಂಡಿಸಿದರು. ವಲಸೆ ಬಂದವರೇ! ನನಗಂತೂ ಇದು ಜೀರ್ಣವಾಗಿಲ್ಲ.

ಫೈಲು_ನೋಡಿದವ:
ಹಯಾಕಾವಾ ಅಡ್ಡದಾರಿಯಲ್ಲಿ ಬಂದವರು, ಅದನ್ನು ನಂಬಿಕೊಂಡು ಹೋಗಬೇಡಿ. ಅಲ್ಲಿ ಮಾಮೂಲಿ ದಾರಿ ಅಂದರೆ ಕೆಲಸ ಕಾಯಂ ಆಗಬೇಕು, ಆಮೇಲೆ ವಿಭಾಗದ ಮುಖ್ಯಸ್ಥ, ಡೀನ್, ಪ್ರೊವೊಸ್ಟ್ (ಇಡೀ ವಿವಿಯ ಓದು-ಪಾಠ ನೋಡಿಕೊಳ್ಳುವವರು), ಅದಾದ ಮೇಲೆ ಪ್ರೆಸಿಡೆಂಟ್, ಅಂದರೆ ಅಧ್ಯಕ್ಷ. ಡೀನ್ ಆದ ದಿನದಿಂದ ವ್ಯಾಕರಣಕ್ಕಿಂತ ಬಜೆಟ್, ನೇಮಕ, ಜಗಳ ಬಿಡಿಸುವುದೇ ಜಾಸ್ತಿ. ದೇಣಿಗೆ ಕೇಳುವುದಕ್ಕೂ ನಾಚಿಕೆ ಇರಬಾರದು. ನಮ್ಮಲ್ಲಾದರೆ 2018ರ ಯುಜಿಸಿ ನಿಯಮದಲ್ಲಿ ಕುಲಪತಿಗೆ ಹತ್ತು ವರ್ಷ ಪ್ರೊಫೆಸರ್ ಆಗಿರಬೇಕು, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅಷ್ಟೇ ವರ್ಷದ ಅನುಭವ ಇರಬೇಕು ಅಂತಿತ್ತು, ಯಾವ ವಿಷಯ ಅಂತಿರಲಿಲ್ಲ.

ಗಂಗೋತ್ರಿ_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ಕುವೆಂಪು ಹೆಸರು ಹೇಳಿದೆ, ಸುಮ್ಮನಾದರು. ವೈರು ಕಿತ್ತ ಕತೆ ಮಾತ್ರ ಹೇಳಿಲ್ಲ, ಹೇಳಿದರೆ "ನೋಡಿದ್ಯಾ, ಕರೆಂಟು ಕೆಲಸಾನೇ ಮಾಡಿದ್ದು" ಅಂದಾರು.